ಮುಳ್ಳುಬೇಲಿಯಿಂದ ಬಂದ ಮದ್ಯ

ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿದಾರಿಗಳಲ್ಲಿ ಓಡಾಡಿದರೆ ಬೇಲಿಗೆ ಮುಖಮಾಡಿ ನಿಂತ ಜನ ಅಲ್ಲಲ್ಲಿ ಕಾಣಸಿಗುತ್ತಾರೆ. ಕೈಗೆ ದಪ್ಪನೆಯ ಗ್ಲೌಸು, ಮೊಣಕೈಗೆ ಬುಟ್ಟಿ, ಬುಟ್ಟಿ ಇಲ್ಲದವರಿಗೆ ಐಸ್‌ಕ್ರೀಮಿನ ಹಳೆಯ ಡಬ್ಬಿ. ಅವರು ಕೀಳುತ್ತಿರುವುದು ಸ್ಲೋ ಎಂಬ ಕಾಡುಹಣ್ಣು. ಅಡ್ಡಳತೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಬಣ್ಣ ಕಡುನೀಲಿ, ಮೈಮೇಲೆ ಬೆರಳಿಟ್ಟರೆ ಅಳಿಸಿಹೋಗುವ ಬಿಳಿಯ ಮಬ್ಬು. ನೋಡಲು ಇಷ್ಟು ಚಂದ ಇರುವುದನ್ನು ಕೀಳುವವರು ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಬಾಯಿಯ ತೇವವೆಲ್ಲ ಇಂಗಿಹೋಗಿ ನಾಲಿಗೆ ಒರಟಾಗುತ್ತದೆ. ಅಡಕೆ ಬೇಯಿಸಿದ ಚೊಗರು ನಾಲಿಗೆಗೆ ತಾಗಿದರೆ ಏನಾಗುತ್ತದೆಂದು ಬಲ್ಲ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡರಲ್ಲೂ ಕೆಲಸ ಮಾಡುವುದು ಟ್ಯಾನಿನ್. ಅದು ಜೊಲ್ಲಿನಲ್ಲಿರುವ ಪ್ರೋಟೀನನ್ನು ಕಚ್ಚಿಕೊಂಡು ಬಾಯೊಳಗಿನ ಜಾರುತನವನ್ನೇ ತೆಗೆದುಬಿಡುತ್ತದೆ.

ಹಾಗೇ ತಿನ್ನಲಾಗದ ಈ ಹಣ್ಣಿಗಾಗಿ ಜನ ಮುಳ್ಳು ಚುಚ್ಚಿಸಿಕೊಳ್ಳುವುದು ಮುಖ್ಯವಾಗಿ ಒಂದೇ ಕಾರಣಕ್ಕೆ. ಸಕ್ಕರೆ ಬೆರೆಸಿ ಜಿನ್ನಿನಲ್ಲಿ ನೆನೆಹಾಕಿದರೆ ಮೂರು ತಿಂಗಳಲ್ಲಿ ಅದು ಮಾಣಿಕ್ಯದ ಬಣ್ಣದ ಸಿಹಿಮದ್ಯವಾಗುತ್ತದೆ. ಅದೇ ಸ್ಲೋ ಜಿನ್. ಭಟ್ಟಿ ಇಳಿಸುವುದು ಬೇಡ, ಹುಳಿ ಬರಿಸುವುದು ಬೇಡ, ಒಲೆ ಹೊತ್ತಿಸುವುದೂ ಬೇಡ. ಅಂಗಡಿಯಿಂದ ತಂದ ಜಿನ್ನು, ಬೇಲಿಯಿಂದ ತಂದ ಹಣ್ಣು, ಅಡುಗೆಮನೆಯ ಸಕ್ಕರೆ, ಮುಚ್ಚಳ ಗಟ್ಟಿಯಿರುವ ಒಂದು ಜಾಡಿ, ಇಷ್ಟಿದ್ದರೆ ಆಯಿತು. ಹೆಸರಿನಲ್ಲಿ ಜಿನ್ ಇದ್ದರೂ ಈ ಮದ್ಯದ ಕಥೆಯಲ್ಲಿ ಬೇಲಿಯ ಪಾಲೇ ದೊಡ್ಡದು ಎಂಬುದು ನನ್ನ ಲೆಕ್ಕ.

ಸ್ಲೋ ಬಿಡುವ ಪೊದೆಯ ಹೆಸರು ಬ್ಲ್ಯಾಕ್‌ಥಾರ್ನ್. ಸಸ್ಯಶಾಸ್ತ್ರದವರು ಪ್ರೂನಸ್ ಸ್ಪೈನೋಸಾ ಎನ್ನುತ್ತಾರೆ. ಪ್ಲಮ್, ಚೆರ್ರಿ, ಏಪ್ರಿಕಾಟ್, ಪೀಚ್, ಬಾದಾಮಿ ಎಲ್ಲವೂ ಇದರ ದಾಯಾದಿಗಳೇ. ಯುರೋಪಿನ ಬಹುಭಾಗ, ಪಶ್ಚಿಮ ಏಷ್ಯಾ ಮತ್ತು ವಾಯವ್ಯ ಆಫ್ರಿಕಾ ಇದರ ತವರು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಎಲೆ ಚಿಗುರುವ ಮೊದಲೇ ಕಪ್ಪು ಕೊಂಬೆಗಳ ತುಂಬ ಬಿಳಿ ಹೂವು ಬಿಡುತ್ತದೆ. ಬೇಲಿಯಲ್ಲಿ ಇದರ ಜೊತೆಗೇ ಬೆಳೆಯುವ ಹಾಥಾರ್ನ್ ಗಿಡಕ್ಕಾದರೆ ಮೊದಲು ಎಲೆ, ಆಮೇಲೆ ಮೇ ತಿಂಗಳ ಹೊತ್ತಿಗೆ ಹೂವು. ಎರಡನ್ನೂ ದೂರದಿಂದ ಗುರುತಿಸಲು ಅಷ್ಟು ಸಾಕು. ಬ್ಲ್ಯಾಕ್‌ಥಾರ್ನ್ ಹೂ ಬಿಟ್ಟ ಸಮಯಕ್ಕೆ ಸರಿಯಾಗಿ, ಮುಗಿಯಿತೆಂದುಕೊಂಡಿದ್ದ ಚಳಿ ಮತ್ತೆ ಮರಳಿ ಬರುವುದುಂಟು. ಆ ಚಳಿಗೆ ಅಲ್ಲಿನ ರೈತರು ‘ಬ್ಲ್ಯಾಕ್‌ಥಾರ್ನ್ ವಿಂಟರ್’ ಎಂದೇ ಹೆಸರಿಟ್ಟಿದ್ದಾರೆ. ಹೂವಿಗೆ ಹಿಮ ಬಡಿದರೆ, ಜೇನುನೊಣ ಹೊರಗೆ ಬರಲಾಗದಷ್ಟು ಥಂಡಿಯಾದರೆ ಆ ವರ್ಷ ಹಣ್ಣಿಲ್ಲ.

ಮುಳ್ಳಿನ ಮಾತೂ ಹೇಳಬೇಕು. ಇದರ ಗಿಡ್ಡ ರೆಂಬೆಗಳ ತುದಿಯೇ ಮುಳ್ಳಾಗುತ್ತದೆ. ಚುಚ್ಚಿದರೆ ತುದಿ ಮುರಿದು ಚರ್ಮದೊಳಗೆ ಉಳಿಯುತ್ತದೆ, ಗಾಯ ಕೀವಾಗುತ್ತದೆ, ಕೀಲಿನ ಹತ್ತಿರವಾದರೆ ಕೀಲೇ ಊದಿಕೊಳ್ಳುತ್ತದೆ. ಸ್ಲೋ ಕೀಳುವವರು ದಪ್ಪ ಗ್ಲೌಸು ಹಾಕುವುದು ಇದಕ್ಕೆ. ಇದರ ಕಟ್ಟಿಗೆ ಎಷ್ಟು ಗಟ್ಟಿಯೆಂದರೆ ಐರ್ಲೆಂಡಿನವರು ಶಿಲೇಲಿ ಎಂಬ ಹೆಸರಾಂತ ದೊಣ್ಣೆಯನ್ನು ಇದರಿಂದಲೇ ಮಾಡಿಕೊಂಡರು. ಐರಿಷ್ ರೆಜಿಮೆಂಟುಗಳ ಅಧಿಕಾರಿಗಳ ಕೈಯಲ್ಲಿ ಇವತ್ತಿಗೂ ಬ್ಲ್ಯಾಕ್‌ಥಾರ್ನ್ ಕೋಲು ಇರುತ್ತದೆ. ಹಣ್ಣಿನ ಬಳಕೆ ಇನ್ನೂ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ 5,000 ವರ್ಷಕ್ಕೂ ಹಿಂದಿನ ಮನುಷ್ಯನೊಬ್ಬನ ದೇಹ ಸಿಕ್ಕಿತಲ್ಲ, ಓಟ್ಜಿ ಎಂದು ಹೆಸರಾದವನು, ಅವನ ದೇಹದ ಹತ್ತಿರ ಒಂದು ಸ್ಲೋ ಹಣ್ಣೂ ಇತ್ತು. ಪಾಪ, ಅವನ ಕಾಲಕ್ಕೆ ಜಿನ್ ಇರಲಿಲ್ಲ.

ಇನ್ನು ಬೇಲಿ. ಇಂಗ್ಲೆಂಡಿನ ಹಳ್ಳಿಗಳಲ್ಲೂ ಹಿಂದೆ ಗೋಮಾಳದಂಥ ಊರೊಟ್ಟಿನ ಜಮೀನು ಇರುತ್ತಿತ್ತು. ಹಸು ಕುರಿ ಮೇಯಿಸಲು, ಸೌದೆ ಆಯಲು ಊರಿನ ಬಡವರಿಗೆ ಅಲ್ಲಿ ಹಕ್ಕಿತ್ತು. 1604ರಿಂದ 1914ರ ನಡುವೆ ಬ್ರಿಟಿಷ್ ಸಂಸತ್ತು ಒಂದಾದ ಮೇಲೊಂದರಂತೆ ಐದು ಸಾವಿರಕ್ಕೂ ಹೆಚ್ಚು ಕಾಯ್ದೆ ಮಾಡಿ ಸುಮಾರು 68 ಲಕ್ಷ ಎಕರೆ ಜಮೀನನ್ನು ಹೀಗೆ ಖಾಸಗಿಯವರ ಪಾಲು ಮಾಡಿತು. ಅದರಲ್ಲಿ ಬಹುಪಾಲು ನಡೆದದ್ದು 18ನೇ ಶತಮಾನದ ನಡುಭಾಗದಿಂದ ಮುಂದಿನ ನೂರು ವರ್ಷಗಳಲ್ಲಿ. ಜಮೀನು ಕೈಗೆ ಬಂದವರು ಮೊದಲು ಮಾಡಿದ ಕೆಲಸ ಬೇಲಿ ಹಾಕಿದ್ದು. ಮುಳ್ಳುತಂತಿ ಇನ್ನೂ ಬಂದಿರದ ಕಾಲ. ಹಾಥಾರ್ನನ್ನು ಸಾಲಾಗಿ ನೆಟ್ಟರು, ನಡುನಡುವೆ ಬ್ಲ್ಯಾಕ್‌ಥಾರ್ನ್ ಸೇರಿಸಿದರು. ಇವತ್ತು ವಿಮಾನದ ಕಿಟಕಿಯಿಂದ ಕಾಣುವ ಇಂಗ್ಲೆಂಡಿನ ಚೌಕ ಚೌಕದ ಹಸಿರು ಹೊಲಗಳಲ್ಲಿ ಬಹಳಷ್ಟು ಆಗ ಎಳೆದ ಗೆರೆಗಳೇ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಅಲ್ಲಿ ಎರಡು ಬಗೆಯಲ್ಲಿ ನಿಜವಾಯಿತು. ಊರಿನ ಜಮೀನನ್ನು ಬೇಲಿ ನುಂಗಿದ್ದು ಒಂದು. ಇನ್ನೊಂದು, ಬ್ಲ್ಯಾಕ್‌ಥಾರ್ನ್ ಗಿಡದ ಸ್ವಭಾವವೇ ಹಾಗೆ. ಬೇರಿನಿಂದ ಮರಿ ಎಬ್ಬಿಸುತ್ತ ವರ್ಷ ವರ್ಷವೂ ಹೊಲದೊಳಕ್ಕೆ ಕಾಲು ಚಾಚುತ್ತದೆ. ಸವರದೆ ಬಿಟ್ಟರೆ ಹೊಲದ ಅಂಚೆಲ್ಲ ಮುಳ್ಳುಪೊದೆ. ಊರೊಟ್ಟಿನ ಭೂಮಿ ಕಳೆದುಕೊಂಡ ಬಡವರಿಗೆ ಆ ಬೇಲಿಯಲ್ಲಿ ಉಳಿದದ್ದು ಯಾರೂ ಲೆಕ್ಕಕ್ಕೆ ಹಿಡಿಯದ ಹಣ್ಣು. ಅದನ್ನು ಕೀಳುವುದಕ್ಕೆ ಇಂದಿಗೂ ಅಡ್ಡಿಯಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಲ್ಲಿರುವ 1968ರ ಕಳ್ಳತನ ಕಾಯ್ದೆಯಲ್ಲೇ ಈ ಮಾತಿದೆ: ಯಾರ ಜಮೀನಿನಲ್ಲೇ ಆಗಲಿ, ತಾನಾಗಿ ಬೆಳೆದ ಗಿಡದ ಹೂವು, ಹಣ್ಣು, ಎಲೆ, ಅಣಬೆ ಕಿತ್ತರೆ ಅದು ಕಳ್ಳತನವಲ್ಲ, ಮಾರಾಟಕ್ಕೆಂದು ಕಿತ್ತರೆ ಮಾತ್ರ ಕಳ್ಳತನ. ಹಾಗೆಂದು ಯಾರದೋ ತೋಟಕ್ಕೆ ನುಗ್ಗಲು ಇದು ಪರವಾನಗಿಯಲ್ಲ. ದಾರಿಯ ಕಡೆಗೆ ಬಾಗಿದ ಬೇಲಿಯಿಂದ ಮನೆಮಟ್ಟಿಗೆ ಕಿತ್ತುಕೊಂಡರೆ ಯಾರೂ ಕೇಳುವುದಿಲ್ಲ.

ಜಿನ್ನಿನ ಜೊತೆ ಸೇರಿ ಮರ್ಯಾದೆ ಪಡೆಯುವ ಮುಂಚೆ ಈ ಗಿಡಕ್ಕೆ ಕಲಬೆರಕೆಯ ಕೆಟ್ಟ ಹೆಸರಿತ್ತು. ಮೊದಲು ಬಂದದ್ದು ಎಲೆ. 18ನೇ ಶತಮಾನದಲ್ಲಿ ಬ್ರಿಟನ್ನಿಗೆ ಚಹಾ ಬರುತ್ತಿದ್ದುದು ಚೀನಾದಿಂದ, ಅದರ ವ್ಯಾಪಾರದ ಏಕಸ್ವಾಮ್ಯ ನಮಗೆ ಚೆನ್ನಾಗಿ ಗೊತ್ತಿರುವ ಈಸ್ಟ್ ಇಂಡಿಯಾ ಕಂಪನಿಯದ್ದು. ಚಹಾದ ಮೇಲಿನ ತೆರಿಗೆ ನೂರಕ್ಕೆ ನೂರನ್ನೂ ಮೀರಿತ್ತು. ದುಬಾರಿ ಮಾಲಿಗೆ ಕಲಬೆರಕೆ ತಪ್ಪೀತೇ? ಬ್ಲ್ಯಾಕ್‌ಥಾರ್ನ್ ಎಲೆಯನ್ನು ಒಣಗಿಸಿ, ಹುರಿದು, ಬಣ್ಣ ಹಾಕಿ ಚಹಾಪುಡಿಗೆ ಸೇರಿಸುವುದೇ ಒಂದು ಕಸುಬಾಯಿತು. ಅದನ್ನು ತಡೆಯಲು ಮಾಡಿದ ಕಾಯ್ದೆಯಲ್ಲಿ ಸಂಸತ್ತು ಸ್ಲೋ ಎಲೆಯ ಹೆಸರನ್ನು ನೇರವಾಗಿ ಬರೆಯಬೇಕಾಗಿ ಬಂತು. 1784ರಲ್ಲಿ ಚಹಾ ತೆರಿಗೆಯನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿದ ಮೇಲೂ ಈ ಚಾಳಿ ಪೂರ್ತಿ ನಿಲ್ಲಲಿಲ್ಲ. ಲಂಡನ್ನಿನಲ್ಲಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಆಕಮ್ 1820ರಲ್ಲಿ ಆಹಾರ ಕಲಬೆರಕೆಯ ಮೇಲೆ ಬರೆದ ಪುಸ್ತಕದಲ್ಲಿ ಇಂಥ ನಕಲಿ ಚಹಾದ ಮೊಕದ್ದಮೆಗಳ ವಿವರವನ್ನೇ ಕೊಟ್ಟಿದ್ದಾನೆ. ಹಣ್ಣಿನ ಪಾಡೂ ಅಷ್ಟೇ. ಪೋರ್ಚುಗಲ್ಲಿನೊಡನೆ 1703ರಲ್ಲಿ ಆದ ಒಪ್ಪಂದದ ನಂತರ ಅಲ್ಲಿನ ಪೋರ್ಟ್ ವೈನ್ ಬ್ರಿಟನ್ನಿನಲ್ಲಿ ಮನೆಮಾತಾಯಿತು. ಅದರ ಕೆಂಪನ್ನೂ ಒಗರನ್ನೂ ಕಳಪೆ ವೈನಿಗೆ ಬರಿಸಲು ವ್ಯಾಪಾರಿಗಳು ಸ್ಲೋ ರಸ ಬೆರೆಸತೊಡಗಿದರು. ನಾಲಿಗೆಗೆ ಮೋಸ ಮಾಡಲು ಅಷ್ಟು ತಕ್ಕ ಹಣ್ಣಾಗಿದ್ದರಿಂದಲೇ ಅದಕ್ಕೆ ಮುಂದೆ ಸ್ವಂತ ಹೆಸರಿನಲ್ಲಿ ಬಾಟಲಿ ಸೇರುವ ಯೋಗ್ಯತೆ ಬಂದದ್ದು ಎನ್ನಬೇಕು.

ಜಿನ್ನಿನ ಇತಿಹಾಸ ಬಹಳ ಸಲ ಹೇಳಿಯಾಗಿದೆ. ಡಚ್ಚರ ಯೆನೇವರ್‌ನಿಂದ ಬಂದ, ಜುನಿಪರ್ ಕಾಯಿಯ ಪರಿಮಳದ ಈ ಮದ್ಯ 18ನೇ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನ ಬಡವರನ್ನು ಹಿಡಿದು ಅಲುಗಾಡಿಸಿತು. 1736ರಲ್ಲಿ ಒಂದು, 1751ರಲ್ಲಿ ಮತ್ತೊಂದು ಕಾಯ್ದೆ ಬಂತು. ವಿಲಿಯಂ ಹೊಗಾರ್ತ್ ಬರೆದ ‘ಜಿನ್ ಲೇನ್’ ಚಿತ್ರವೂ ಅದೇ 1751ರದ್ದು. ಆಗಿನ ಜಿನ್ ಗಂಟಲು ಸುಡುವಂಥದ್ದು, ಸಿಹಿಯೋ ಹಣ್ಣೋ ಸೇರಿಸದೆ ಕುಡಿಯುವುದು ಕಷ್ಟ. ನೈಋತ್ಯ ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ 1793ರಿಂದ ಜಿನ್ ತಯಾರಿಸುತ್ತಿರುವ ಬ್ಲ್ಯಾಕ್ ಫ್ರಯರ್ಸ್ ಡಿಸ್ಟಿಲರಿ ತನ್ನ ಸ್ಲೋ ಜಿನ್ನಿನ ಪಾಕ 1883ರದ್ದು ಎಂದು ಹೇಳಿಕೊಳ್ಳುತ್ತದೆ. ಆದರೆ ಸ್ಲೋ ಜಿನ್ ಬೆಳೆದದ್ದು ಕಾರ್ಖಾನೆಗಳಿಗಿಂತ ಹೆಚ್ಚಾಗಿ ಹಳ್ಳಿಮನೆಗಳ ಉಗ್ರಾಣದಲ್ಲಿ.

ಮಾಡುವ ಕ್ರಮ ಹೀಗೆ. ಅರ್ಧ ಕಿಲೋ ಹಣ್ಣನ್ನು ತೊಳೆದು, ತೊಟ್ಟು ತೆಗೆದು, ಬಟ್ಟೆಯ ಮೇಲೆ ಹರಡಿ ನೀರಾರಿಸಿ. ಒಂದೂವರೆ ಲೀಟರ್ ಹಿಡಿಯುವ ಗಾಜಿನ ಜಾಡಿಗೆ ಹಾಕಿ. 200ರಿಂದ 250 ಗ್ರಾಂ ಸಕ್ಕರೆ ಸುರಿದು, 70 ಸೆಂಟಿಲೀಟರಿನ ಒಂದು ಬಾಟಲಿ ಜಿನ್ ಪೂರ್ತಿ ಹೊಯ್ದು ಮುಚ್ಚಳ ಬಿಗಿಮಾಡಿ. ಸಕ್ಕರೆ ಕರಗುವತನಕ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಜಾಡಿಯನ್ನು ತಿರುಗಿಸಿ ಮುರುಗಿಸಿ ಅಲುಗಿಸಿದರೆ ಸಾಕು. ಬಿಸಿಲು ಬೀಳದ ಜಾಗದಲ್ಲಿಡಬೇಕು, ಬೆಳಕಿಗೆ ಬಣ್ಣ ಮಾಸುತ್ತದೆ. ಮೊದಲ ದಿನಗಳಲ್ಲೇ ನಸುಗೆಂಪು ಕಾಣಿಸಿಕೊಂಡು ದಿನೇ ದಿನೇ ಗಾಢವಾಗುತ್ತ ಹೋಗುತ್ತದೆ. ಮೂರು ತಿಂಗಳಾದ ಮೇಲೆ ತೆಳುಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದರೆ ಮುಗಿಯಿತು. ಹಣ್ಣನ್ನು ಹಿಂಡಬಾರದು, ಹಿಂಡಿದರೆ ಮದ್ಯ ಕದಡುತ್ತದೆ.

ಇಷ್ಟು ಸಣ್ಣ ಪಾಕದ ಸುತ್ತ ಬ್ರಿಟಿಷರು ಕಟ್ಟಿಕೊಂಡಿರುವ ಜಗಳಗಳು ಮಾತ್ರ ಸಣ್ಣವಲ್ಲ. ಮೊದಲನೆಯದು ಯಾವಾಗ ಕೀಳಬೇಕೆಂಬುದು. ಮೊದಲ ಹಿಮ ಬಿದ್ದ ಮೇಲೇ ಕೀಳಬೇಕು ಎಂಬುದು ಅಜ್ಜಿಯರ ಮಾತು. ಅದರಲ್ಲಿ ಹುರುಳಿದೆ: ಹಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಜೀವಕೋಶಗಳ ಗೋಡೆ ಒಡೆದು, ಸಿಪ್ಪೆ ಬಿರಿದು, ರಸ ಸಲೀಸಾಗಿ ಹೊರಬರುತ್ತದೆ. ಆದರೆ ಈಗೀಗ ಹಣ್ಣು ಸೆಪ್ಟೆಂಬರ್ ಕೊನೆಗೇ ಮಾಗಿರುತ್ತದೆ, ಹಿಮ ನವೆಂಬರಿಗೆ ಬೀಳುತ್ತದೆ. ಅಷ್ಟರಲ್ಲಿ ಹಕ್ಕಿಗಳು ಪೊದೆ ಖಾಲಿ ಮಾಡಿರುತ್ತವೆ. ಅದಕ್ಕೆ ಈಗಿನವರು ಮಾಗಿದ ಹಣ್ಣನ್ನು ಕಿತ್ತು ತಂದು ಎರಡು ರಾತ್ರಿ ಫ್ರೀಜರಿನಲ್ಲಿ ಇಡುತ್ತಾರೆ. ಕೆಲಸ ಒಂದೇ. ಹಣ್ಣು ಮಾಗಿದೆಯೋ ಎಂದು ತಿಳಿಯಲು ಬೆರಳಲ್ಲಿ ಅದುಮಿ ನೋಡಬೇಕು. ಕಲ್ಲಿನಂತಿದ್ದರೆ ಬಿಡಬೇಕು, ಬಣ್ಣವನ್ನು ನಂಬಬಾರದು.

ಎರಡನೆಯದು ಚುಚ್ಚುವ ಶಾಸ್ತ್ರ. ಒಂದೊಂದು ಹಣ್ಣನ್ನೂ ಅದೇ ಗಿಡದ ಮುಳ್ಳಿನಿಂದ ಚುಚ್ಚಬೇಕು, ಇಲ್ಲವೇ ಬೆಳ್ಳಿಯ ಫೋರ್ಕಿನಿಂದ ಮಾತ್ರ ಚುಚ್ಚಬೇಕು, ಬೇರೆ ಲೋಹ ತಾಗಕೂಡದು ಎಂದು ಹಟ ಹಿಡಿಯುವವರಿದ್ದಾರೆ. ನೂರಾರು ಪುಟ್ಟ ಹಣ್ಣುಗಳನ್ನು ಮುಂದಿಟ್ಟುಕೊಂಡು ಕೂತರೆ ಸಂಜೆಯೇ ಕಳೆದುಹೋಗುತ್ತದೆ. ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಹರಟುವುದಕ್ಕೆ ಒಳ್ಳೆಯ ನೆಪ ನಿಜ, ರುಚಿಗೆ ಅಗತ್ಯವೇನಿಲ್ಲ. ಫ್ರೀಜರಿನಲ್ಲಿ ಬಿರಿದ ಹಣ್ಣಿಗೆ ಮುಳ್ಳೂ ಬೇಡ, ಬೆಳ್ಳಿಯೂ ಬೇಡ.

ಮೂರನೆಯ ಜಗಳ ಸಕ್ಕರೆಯದ್ದು, ಅದರಲ್ಲಿ ತಿರುಳಿದೆ. ಮೊದಲೇ ಹಾಕಿದರೆ ಸಕ್ಕರೆ ಹಣ್ಣಿನೊಳಗಿನ ರಸವನ್ನು ಹೊರಗೆಳೆಯುತ್ತದೆ ಎಂಬುದು ಒಂದು ಕಡೆಯವರ ವಾದ. ಎಲ್ಲ ವರ್ಷದ ಹಣ್ಣೂ ಒಂದೇ ಹುಳಿ ಇರುವುದಿಲ್ಲ, ಆದ್ದರಿಂದ ಸೋಸಿದ ಮೇಲೆ ರುಚಿ ನೋಡಿ ಹಾಕಬೇಕು ಎಂಬುದು ಇನ್ನೊಂದು ಕಡೆಯವರದ್ದು. ನಾನು ಎರಡನೆಯವರ ಪಕ್ಷ, ಅರ್ಧ ಮಾತ್ರ. ಅರ್ಧ ಸಕ್ಕರೆ ಮೊದಲಿಗೆ, ಉಳಿದರ್ಧ ಕೊನೆಗೆ ಬೇಕೆನಿಸಿದಷ್ಟು. ಒಮ್ಮೆ ಹಾಕಿದ ಸಕ್ಕರೆಯನ್ನು ಹೊರಗೆ ತೆಗೆಯಲು ಬರುವುದಿಲ್ಲ. ಸಿಹಿ ಮುಂದಾದರೆ ಸ್ಲೋದ ಒಗರು ಮುಚ್ಚಿಹೋಗಿ ಕೆಮ್ಮಿನ ಸಿರಪ್ಪಿನ ರುಚಿ ಬರುತ್ತದೆ. ಅಂಗಡಿಯ ಹಲವು ಬಾಟಲಿಗಳ ದೋಷವೂ ಅದೇ.

ಹಣ್ಣಿನೊಳಗೆ ಒಂದು ಗಟ್ಟಿ ಬೀಜವಿದೆ. ಬಾದಾಮಿಯ ದಾಯಾದಿ ಎಂದೆನಲ್ಲ, ಆ ಸಂಬಂಧ ಗೊತ್ತಾಗುವುದು ಇಲ್ಲಿ. ನಿಧಾನವಾಗಿ ನೆನೆದಾಗ ಬೀಜದಿಂದ ಕಹಿಬಾದಾಮಿಯ ತೆಳುವಾದ ಪರಿಮಳ ಮದ್ಯಕ್ಕೆ ಇಳಿಯುತ್ತದೆ. ಒಳ್ಳೆಯ ಸ್ಲೋ ಜಿನ್ನಿನ ಗುರುತೇ ಆ ಪರಿಮಳ. ಬೀಜವನ್ನು ಜಜ್ಜಿ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಬೀಜದ ತಿರುಳಿನಲ್ಲಿ ಅಮಿಗ್ಡಲಿನ್ ಇದೆ, ಅದು ಒಡೆದರೆ ಸೈನೈಡ್ ಹುಟ್ಟುತ್ತದೆ. ಇಡಿಯಾಗಿಯೇ ಇರಲಿ.

ಇದರ ಅಮಲಿನ ಲೆಕ್ಕವನ್ನೂ ಮನೆಯಲ್ಲೇ ಹಾಕಬಹುದು. ಶೇ 40ರ ಜಿನ್ 700 ಮಿಲಿಲೀಟರ್ ಎಂದರೆ ಅದರಲ್ಲಿ 280 ಮಿಲಿಲೀಟರ್ ಮದ್ಯಸಾರ. 250 ಗ್ರಾಂ ಸಕ್ಕರೆ ಕರಗಿ ಒಂದೂವರೆ ನೂರು ಮಿಲಿಲೀಟರಿನಷ್ಟು ಜಾಗ ಹಿಡಿಯುತ್ತದೆ, ಹಣ್ಣಿನ ರಸ ಇನ್ನೂರು ಬಂದರೆ ಒಟ್ಟು ಒಂದು ಲೀಟರಿಗೆ ಸ್ವಲ್ಪ ಮೇಲೆ. ಭಾಗಿಸಿದರೆ ಶೇ 26ರ ಆಸುಪಾಸು. ಪ್ಲಿಮತ್, ಗಾರ್ಡನ್ಸ್, ಹೇಮನ್ಸ್ ಬಾಟಲಿಗಳ ಮೇಲೆ ಅಚ್ಚಾಗಿರುವುದೂ ಶೇ 26. ಜಿನ್ ಎನಿಸಿಕೊಳ್ಳಲು ಯುರೋಪಿನ ಕಾನೂನಿನ ಪ್ರಕಾರ ಕನಿಷ್ಠ ಶೇ 37.5 ಇರಬೇಕು. ಸ್ಲೋ ಜಿನ್ನಿಗೆ ಶೇ 25 ಇದ್ದರೂ ಆ ಹೆಸರು ಇಟ್ಟುಕೊಳ್ಳುವ ವಿನಾಯಿತಿ ಇದೆ. ಹಳೆಯ ಹೆಸರಿಗೆ ಕಾನೂನು ತಲೆಬಾಗಿದ ಉದಾಹರಣೆ. ಶೇ 26 ಎಂದು ಹಗುರವಾಗಿ ಎಣಿಸಬೇಡಿ, ವೈನಿನ ಎರಡರಷ್ಟು ಅಮಲು. ಸಿಹಿಯ ಮರೆಯಲ್ಲಿ ಅದು ಗೊತ್ತಾಗುವುದಿಲ್ಲ.

ಅಕ್ಟೋಬರಿನ ಮೊದಲಲ್ಲೇ ನೆನೆಹಾಕಿದ್ದು ಕ್ರಿಸ್‌ಮಸ್ಸಿನ ಹೊತ್ತಿಗೆ ಕುಡಿಯುವ ಹದಕ್ಕೆ ಬರುತ್ತದೆ. ಹಬ್ಬದ ಊಟವಾದ ಮೇಲೆ ಸಣ್ಣ ಲೋಟಗಳಲ್ಲಿ, ಐಸ್ ಹಾಕದೆ, ಸ್ಟಿಲ್ಟನ್‌ನಂಥ ಕಟುವಾಸನೆಯ ಚೀಸಿನ ಜೊತೆ ಅದನ್ನು ಹಂಚುತ್ತಾರೆ. ಆದರೆ ಬಲ್ಲವರು ಒಂದು ಬಾಟಲಿಯನ್ನು ಮುಂದಿನ ಕ್ರಿಸ್‌ಮಸ್ಸಿಗೆ ಎತ್ತಿಡುತ್ತಾರೆ. ವರ್ಷ ಕಳೆದರೆ ಟ್ಯಾನಿನ್ ಮೆತ್ತಗಾಗಿ, ಜುನಿಪರ್, ಹಣ್ಣು, ಬಾದಾಮಿ ಮೂರೂ ಒಂದಾಗುತ್ತವೆ. ಚಳಿಗಾಲದಲ್ಲಿ ಬೇಟೆಗೆ ಹೋಗುವ ಸಿರಿವಂತರ ಕೋಟಿನ ಜೇಬಿನ ಚಪ್ಪಟೆ ಫ್ಲಾಸ್ಕಿನಲ್ಲೂ ಇದೇ ಇರುತ್ತದೆ. ಬಡವರ ಬೇಲಿಹಣ್ಣು ಜಮೀನ್ದಾರರ ಜೇಬು ಸೇರಿದ್ದು ನೋಡಿ. ನಿಂಬೆರಸ, ಸೋಡಾ ಬೆರೆಸಿದರೆ ಸ್ಲೋ ಜಿನ್ ಫಿಜ್ ಎಂಬ ಹಳೆಯ ಕಾಕ್‌ಟೇಲ್. ಸೋಸಿ ಉಳಿದ ಹಣ್ಣನ್ನೂ ಎಸೆಯುವುದಿಲ್ಲ. ಬೀಜ ತೆಗೆದು ಕರಗಿಸಿದ ಚಾಕೊಲೇಟಿನಲ್ಲಿ ಅದ್ದುತ್ತಾರೆ, ಡೆವನ್ ಕಡೆಯವರು ಸೇಬಿನ ಸೈಡರಿನಲ್ಲಿ ಮತ್ತೊಮ್ಮೆ ನೆನೆಹಾಕಿ ಕುಡಿಯುತ್ತಾರೆ. ಮದ್ಯ ಮುಟ್ಟದವರು ಸ್ಲೋವನ್ನು ಸೇಬಿನೊಂದಿಗೆ ಕುದಿಸಿ ಜೆಲ್ಲಿ ಮಾಡಿಕೊಳ್ಳುತ್ತಾರೆ. ಸ್ಪೇನಿನ ನವಾರ್ರಾ ಪ್ರಾಂತ್ಯದವರಿಗೆ ಜಿನ್ ಬೇಡ. ಅದೇ ಹಣ್ಣನ್ನು ಸೋಂಪಿನ ಪರಿಮಳದ ಮದ್ಯದಲ್ಲಿ ನೆನೆಸಿ ಪಚರಾನ್ ಮಾಡುತ್ತಾರೆ.

ಇಷ್ಟೆಲ್ಲಕ್ಕೂ ಮೂಲವಾದ ಬೇಲಿ ಈಗ ಕ್ಷೀಣಿಸುತ್ತಿದೆ. ಎರಡನೆಯ ಮಹಾಯುದ್ಧದ ನಂತರ ದೊಡ್ಡ ಯಂತ್ರಗಳು ತಿರುಗಾಡಲೆಂದು ಹೊಲಗಳನ್ನು ಕೂಡಿಸುವಾಗ ಇಂಗ್ಲೆಂಡಿನ ಬೇಲಿಗಳಲ್ಲಿ ಸುಮಾರು ಅರ್ಧದಷ್ಟು ನಾಶವಾದವು. ಉಳಿದವನ್ನು ಟ್ರ್ಯಾಕ್ಟರಿನ ಯಂತ್ರದಿಂದ ವರ್ಷಾವರ್ಷ ಚೊಕ್ಕವಾಗಿ ಕತ್ತರಿಸುವುದೂ ಒಂದು ರೋಗವೇ. ಬ್ಲ್ಯಾಕ್‌ಥಾರ್ನ್ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಯಲ್ಲಿ. ಅದನ್ನೇ ಪ್ರತಿವರ್ಷ ಕತ್ತರಿಸಿದರೆ ಹೂವೆಲ್ಲಿ, ಹಣ್ಣೆಲ್ಲಿ? ಬ್ರೌನ್ ಹೇರ್‌ಸ್ಟ್ರೀಕ್ ಎಂಬ ಚಿಟ್ಟೆ ಬೇಸಿಗೆಯ ಕೊನೆಗೆ ಇದರ ಎಳೆಯ ರೆಂಬೆಗಳ ಮೇಲೆ ಮೊಟ್ಟೆಯಿಡುತ್ತದೆ, ಚಳಿಗಾಲ ಪೂರ್ತಿ ಆ ಮೊಟ್ಟೆ ಅಲ್ಲೇ ಇರಬೇಕು. ಯಂತ್ರ ಬಂದುಹೋದರೆ ಆ ಸಂತತಿಯೇ ಮಣ್ಣುಪಾಲು. ಸ್ಕ್ಯಾಂಡಿನೇವಿಯಾದಿಂದ ಹಾರಿಬರುವ ಫೀಲ್ಡ್‌ಫೇರ್, ರೆಡ್‌ವಿಂಗ್ ಹಕ್ಕಿಗಳಿಗೆ ಚಳಿಗಾಲದ ಊಟವೂ ಇದೇ ಬೇಲಿಯಲ್ಲಿದೆ. 2024ರಲ್ಲಿ ಬಂದ ನಿಯಮದಂತೆ ಇಂಗ್ಲೆಂಡಿನ ಕೃಷಿಭೂಮಿಯಲ್ಲಿ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಸಾಮಾನ್ಯವಾಗಿ ಬೇಲಿ ಕತ್ತರಿಸುವಂತಿಲ್ಲ. ಗೂಡು ಕಟ್ಟುವ ಹಕ್ಕಿಗೆ ಇದರಿಂದ ಉಪಕಾರವಾಯಿತು. ಚಿಟ್ಟೆಯ ಮೊಟ್ಟೆಗೂ ಮುಂದಿನ ವರ್ಷದ ಸ್ಲೋಗೂ ಬೇಕಾದದ್ದು ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಕತ್ತರಿಸುವ ಪದ್ಧತಿ, ಅದಿನ್ನೂ ರೈತರ ಮರ್ಜಿಗೇ ಬಿಟ್ಟದ್ದು.

ಮಗನ ಮನೆಗೋ ಮಗಳ ಮನೆಗೋ ಎಂದು ಇಂಗ್ಲೆಂಡಿಗೆ ಹೋಗುವವರು ಈಗ ಕಡಿಮೆಯಿಲ್ಲ. ಅಕ್ಟೋಬರಿನಲ್ಲಿ ಅಲ್ಲಿದ್ದರೆ ಒಂದು ಭಾನುವಾರ ಊರಾಚೆಯ ಕಾಲುದಾರಿ ಹಿಡಿದು ನೋಡಿ. ಗಿಡ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ, ಬೇಲಿಯಲ್ಲಿ ವಿಷದ ಕಪ್ಪುಹಣ್ಣುಗಳೂ ಇರುತ್ತವೆ. ಒಂದು ಪೊದೆಯನ್ನೇ ಬೋಳಿಸದೆ ನಾಲ್ಕಾರು ಪೊದೆಗಳಿಂದ ಸ್ವಲ್ಪ ಸ್ವಲ್ಪ ಕಿತ್ತುಕೊಳ್ಳಿ. ಊರಿಗೆ ತರುವ ಆಸೆಯಾದರೆ ಇಷ್ಟು ನೆನಪಿರಲಿ: ಶೇ 24ಕ್ಕಿಂತ ಹೆಚ್ಚು ಮದ್ಯಸಾರ ಇರುವುದು ಅಂಗಡಿಯ ಮೂಲ ಪ್ಯಾಕಿನಲ್ಲಿದ್ದರೆ ಮಾತ್ರ ವಿಮಾನದ ಸಾಮಾನಿನಲ್ಲಿ ಹೋಗುತ್ತದೆ, ಭಾರತದೊಳಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ ಎರಡು ಲೀಟರ್. ಆದ್ದರಿಂದ ಅಂಗಡಿಯದ್ದನ್ನು ತನ್ನಿ, ಮನೆಯಲ್ಲಿ ಮಾಡಿದ್ದನ್ನು ಅಲ್ಲೇ ಕುಡಿದು ಬನ್ನಿ.